ಚಿಕ್ಕ ಮನೆ ಕಟ್ಟೋರಿಗೆ: ಇಟ್ಟಿಗೆನಾ ಬ್ಲಾಕಾ, ಮೋಲ್ಡಾ ಹೆಂಚಾ, ಟೈಲ್ಸಾ ರೆಡ್ ಆಕ್ಸೈಡಾ?

ಮನೆ ಕಟ್ಟೋಕೆ ಹೊರಟೋರು ಮೊದಲು ಕೇಳೋದೇ ಒಂದು ಇಟ್ಟಿಗೆಗೆ ಎಷ್ಟು, ಒಂದು ಬ್ಲಾಕಿಗೆ ಎಷ್ಟು ಅಂತ. ಆ ಲೆಕ್ಕ ಹಿಡ್ಕೊಂಡು ಹೋದ್ರೆ ಕೊನೆಗೆ ಯಾವ್ದು ಅಗ್ಗ ಬಿತ್ತು ಅಂತ ಗೊತ್ತೇ ಆಗಲ್ಲ, ಯಾಕಂದ್ರೆ ಗೋಡೆ ಅಂದ್ರೆ ಬರೀ ಇಟ್ಟಿಗೆ ಅಲ್ಲ, ಗಾರೆ, ಕೂಲಿ, ಎರಡೂ ಕಡೆ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ ಪೇಂಟು, ಲಾರಿ ಬಾಡಿಗೆ, ಇಳಿಸೋವಾಗ ಒಡೆದು ಹೋಗೋ ಪೀಸು, ಎಲ್ಲಾ ಸೇರಿದ್ದು. ಎರಡು ರೂಪಾಯಿ ಅಗ್ಗ ಅಂತ ತಂದ ಇಟ್ಟಿಗೆ ಸೊಟ್ಟ ಇದ್ರೆ ಪ್ಲಾಸ್ಟರ್‌ನಲ್ಲಿ ಆ ಎರಡು ರೂಪಾಯಿ ವಾಪಸ್ ಕೊಡ್ತೀರ, ಮೇಲೆ ಇನ್ನೆರಡು ಕೊಡ್ತೀರ. ರೇಟು ಇಲ್ಲಿ ಬರೀತಿಲ್ಲ, ಊರಿಂದ ಊರಿಗೆ ಬೇರೆ, ಬರೆದ ತಿಂಗಳಿಗೇ ಹಳೇದಾಗತ್ತೆ. ಯಾವ್ದಕ್ಕೆ ಎಷ್ಟು ಸಾಮಾನು ಬೇಕು, ಯಾವ್ದು ಎಲ್ಲಿ ಕೈ ಕೊಡತ್ತೆ ಅನ್ನೋದು ಬರೀತೀನಿ, ನಿಮ್ಮೂರ ರೇಟು ಹಾಕ್ಕೊಂಡು ನೀವೇ ಗುಣಿಸ್ಕೊಳ್ಳಿ. ಮನಸ್ಸಲ್ಲಿ ಇಟ್ಕೊಂಡಿರೋದು 20x30 ಅಥವಾ 30x40 ಸೈಟಲ್ಲಿ ಆರರಿಂದ ಹತ್ತು ಚದರದ ಮನೆ (ಒಂದು ಚದರ ಅಂದ್ರೆ ನೂರು ಚದರಡಿ).

ಪಿಲ್ಲರ್ ಬೇಕಾ ಬೇಡ್ವಾ

ಗೋಡೆ ಯಾವ್ದು ಅಂತ ಕೇಳೋಕೆ ಮುಂಚೆ ಇದು ಇತ್ಯರ್ಥ ಆಗ್ಬೇಕು. ಮುಂದೆ ಮೇಲೆ ಎರಡು ಫ್ಲೋರ್ ಎತ್ತಿ ಬಾಡಿಗೆಗೆ ಬಿಡೋ ಪ್ಲಾನ್ ಇದ್ರೆ ಪಿಲ್ಲರ್ ಹಾಕ್ಸಿ, ಅಲ್ಲಿ ಗೋಡೆ ಭಾರ ಹೊರಲ್ಲ, ಮಧ್ಯ ತುಂಬೋ ಪರದೆ ಅಷ್ಟೇ, ಆದ್ರಿಂದ ತೆಳು ಗೋಡೆ, ಹಗುರ ಬ್ಲಾಕು ಎಲ್ಲಾ ನಡೆಯತ್ತೆ. ಆದ್ರೆ ಊರ ಕಡೆ ಜಾಗ ಇದೆ, ನೆಲ ಗಟ್ಟಿ ಇದೆ, ಒಂದೇ ಫ್ಲೋರು ಸಾಕು ಅನ್ನೋರು ಕೂಡ ಪಕ್ಕದ ಮನೆಯವರು ಹಾಕ್ಸಿದ್ರು ಅಂತ ಹನ್ನೆರಡು ಪಿಲ್ಲರ್ ಎಬ್ಬಿಸ್ತಾರಲ್ಲ, ಅದು ಕಂಬಿ ಅಂಗಡಿಯವನಿಗೆ ಮಾತ್ರ ಲಾಭ. ಸೈಜುಗಲ್ಲಿನ ಪಾಯ, ಒಂಬತ್ತಿಂಚು ಗೋಡೆ, ಪ್ಲಿಂತ್ ಮಟ್ಟದಲ್ಲಿ (ಪಾಯ ಮುಗಿದು ಗೋಡೆ ಶುರುವಾಗೋ ಕಡೆ) ಒಂದು, ಲಿಂಟಲ್ ಮಟ್ಟದಲ್ಲಿ (ಬಾಗಿಲು ಕಿಟಕಿ ತಲೆ ಮೇಲೆ) ಒಂದು, ಕಂಬಿ ಕಟ್ಟಿ ಕಾಂಕ್ರೀಟ್ ಸುರಿದ ಆರ್‌ಸಿಸಿ ಪಟ್ಟಿ ಸುತ್ತಲೂ ಕಡಿಯದೇ ಓಡಿಸಿದ್ರೆ ಒಂದು ಅಂತಸ್ತಿನ ಮನೆ ಧಾರಾಳವಾಗಿ ನಿಲ್ಲತ್ತೆ, ನಮ್ಮ ಅಜ್ಜಂದಿರ ಕಾಲದ ಮನೆಗಳೆಲ್ಲಾ ಗೋಡೆ ಮೇಲೇ ನಿಂತಿರೋದು.

ಒಂದು ಕಡೆ ಮಾತ್ರ ಹುಷಾರು. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆ ಎರೆ ಭೂಮಿ ಇದ್ರೆ ಮಳೆಗಾಲದಲ್ಲಿ ಮಣ್ಣು ಉಬ್ಬತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗತ್ತೆ, ಮೇಲಿನ ಗೋಡೆ ಎಷ್ಟು ಚೆನ್ನಾಗಿದ್ರೂ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂದೇ ಬರತ್ತೆ. ಅಲ್ಲಿ ಪಾಯ ಗಟ್ಟಿ ಪದರ ಸಿಗೋ ತನಕ ಇಳೀಬೇಕು ಇಲ್ಲಾ ತುದಿ ಅಗಲ ಮಾಡಿದ ಪೈಲ್ (ನೆಲ ಕೊರೆದು ಇಳಿಸೋ ಕಾಂಕ್ರೀಟ್ ಕಂಬ) ಹಾಕ್ಬೇಕು. ಇದನ್ನ ಮೇಸ್ತ್ರಿ ಬಾಯಿ ಮಾತಲ್ಲಿ ಮುಗಿಸೋ ಹಾಗಿಲ್ಲ, ಇಂಜಿನಿಯರ್ ಬಂದು ಗುಂಡಿ ತೆಗೆಸಿ ನೋಡ್ಲೇಬೇಕು.

ಗೋಡೆಗೆ ಯಾವ್ದು

ಮೊದಲು ಒಂದು ಲೆಕ್ಕ, ಇದನ್ನ ಯಾರೂ ಹೇಳಲ್ಲ. 20x30 ಸೈಟಲ್ಲಿ ಸುತ್ತ ಸ್ವಲ್ಪ ಬಿಟ್ಟು 18x27 ಅಳತೆಯ ಮನೆ ಕಟ್ತೀರ ಅಂದ್ಕೊಳ್ಳಿ. ಸುತ್ತಳತೆ 90 ಅಡಿ. ಹೊರಗೋಡೆ ಆರಿಂಚಿನ ಬದಲು ಒಂಬತ್ತಿಂಚು ಮಾಡಿದ್ರೆ ಸುತ್ತಲೂ ಮೂರಿಂಚು ಒಳಗೆ ಬರತ್ತೆ, ಅಂದ್ರೆ ಸುಮಾರು 22 ಚದರಡಿ ಹೋಯ್ತು. ಅದು ಒಂದು ಸಣ್ಣ ಬಾತ್‌ರೂಮು. ಬೆಂಗಳೂರಲ್ಲಿ ಎಲ್ರೂ ಹೊರಗೆ ಆರಿಂಚು, ಒಳಗೆ ನಾಲ್ಕಿಂಚು ಸಾಲಿಡ್ ಕಾಂಕ್ರೀಟ್ ಬ್ಲಾಕ್ ಹಾಕೋದಕ್ಕೆ ಇದೇ ಮುಖ್ಯ ಕಾರಣ, ಗುಣಮಟ್ಟ ಅಲ್ಲ. ಊರಲ್ಲಿ ಜಾಗ ಇರೋರು ಅದನ್ನ ನೋಡಿ ಕಾಪಿ ಹೊಡೆಯೋ ಅಗತ್ಯ ಇಲ್ಲ.

ಸಾಲಿಡ್ ಬ್ಲಾಕು 16 ಇಂಚು ಉದ್ದ 8 ಇಂಚು ಎತ್ತರ, ನೂರು ಚದರಡಿ ಗೋಡೆಗೆ ನೂರರಿಂದ ನೂರಹತ್ತು ಬೇಕಾಗತ್ತೆ. ಕೆಲಸ ಬೇಗ, ಗಾರೆ ಕಮ್ಮಿ, ಎಲ್ಲಾ ಮೇಸ್ತ್ರಿಗೂ ಬರತ್ತೆ, ಮೊಳೆ ಹೊಡೆದ್ರೆ ಹಿಡಿಯತ್ತೆ. ಕಷ್ಟ ಎರಡು. ಒಂದು, ಆರಿಂಚಿನ ಕಾಂಕ್ರೀಟ್ ಗೋಡೆ ಪಶ್ಚಿಮಕ್ಕೆ ಇದ್ರೆ ಸಂಜೆ ಹೊತ್ತಿಗೆ ಒಳಗಡೆಯಿಂದ ಕೈ ಇಟ್ರೆ ಬಿಸಿ ಗೊತ್ತಾಗತ್ತೆ, ರಾತ್ರಿ ಹತ್ತರ ತನಕ ಆ ರೂಮಲ್ಲಿ ಫ್ಯಾನು ಬಿಸಿಗಾಳಿನೇ ತಿರುಗಿಸ್ತಾ ಇರತ್ತೆ. ಇನ್ನೊಂದು, ಬ್ಲಾಕು ಮಾಡೋ ಯಾರ್ಡಿನವರು ಸರಿಯಾಗಿ ನೀರು ಹಾಕಲ್ಲ, ಇವತ್ತು ಒತ್ತಿದ್ದನ್ನ ನಾಲ್ಕನೇ ದಿನ ಲೋಡ್ ಮಾಡಿ ಕಳಿಸ್ತಾರೆ. ಇಳಿಸೋವಾಗ ನಿಂತು ನೋಡಿ, ಮೂಲೆ ಉದುರ್ತಾ ಇದ್ರೆ, ಉಗುರಲ್ಲಿ ಕೆರೆದ್ರೆ ಪುಡಿ ಬರ್ತಾ ಇದ್ರೆ ಆ ಲಾರಿ ವಾಪಸ್ ಕಳಿಸೋದೇ ಸರಿ. ಹಸಿ ಬ್ಲಾಕಲ್ಲಿ ಕಟ್ಟಿದ ಗೋಡೆ ಆಮೇಲೆ ಒಣಗಿ ಕುಗ್ಗತ್ತೆ, ಪ್ಲಾಸ್ಟರ್ ಮೇಲೆ ಬ್ಲಾಕಿನ ಗೆರೆ ಗೆರೆಯಾಗಿ ಬಿರುಕು ಮೂಡತ್ತೆ, ಪೇಂಟರ್ ಅದಕ್ಕೆ ಎಷ್ಟು ಪುಟ್ಟಿ ತುಂಬಿದ್ರೂ ಮುಂದಿನ ವರ್ಷ ಮತ್ತೆ ಅಲ್ಲೇ.

ಕೆಂಪು ಇಟ್ಟಿಗೆ ಒಂಬತ್ತಿಂಚು ಗೋಡೆಗೆ ನೂರು ಚದರಡಿಗೆ ಎಂಟುನೂರೈವತ್ತರ ಮೇಲೆ ಬೇಕು (ನಮ್ಮ ಕಡೆ 9x4x3 ಅಳತೆ ಹಿಡಿದು, ಭಟ್ಟಿಯಿಂದ ಭಟ್ಟಿಗೆ ಸೈಜು ಬೇರೆ ಇರತ್ತೆ). ಗಾರೆ ಜಾಸ್ತಿ, ಕೂಲಿ ಜಾಸ್ತಿ, ಆದ್ರೆ ತಂಪು, ಭಾರ ಹೊರತ್ತೆ, ತೂತು ಕೊರೆಯೋದು ಪೈಪ್ ಹಾಕೋದು ಸಲೀಸು. ಪರೀಕ್ಷೆ ಹಳೇದೇ, ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿದ್ರೆ ಟಣ್ ಅನ್ಬೇಕು, ಎದೆ ಎತ್ತರದಿಂದ ಬಿಟ್ರೆ ಒಡೀಬಾರ್ದು, ಒಂದು ರಾತ್ರಿ ನೀರಲ್ಲಿ ಹಾಕಿ ತೂಗಿದ್ರೆ ಒಣ ತೂಕಕ್ಕಿಂತ ನೂರಕ್ಕೆ ಇಪ್ಪತ್ತು ಭಾಗದ ಮೇಲೆ ನೀರು ಕುಡಿದಿರ್ಬಾರ್ದು. ಇಟ್ಟಿಗೆ ಇಷ್ಟ ಆದ್ರೆ ಖರ್ಚು ಹಿಡಿಯೋಕೆ ಒಂದು ದಾರಿ ಇದೆ, ರ‍್ಯಾಟ್ ಟ್ರ್ಯಾಪ್ ಅಂತಾರೆ, ಕೇರಳದಲ್ಲಿ ಕಮ್ಮಿ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ಅವರು ಬಹಳ ಬಳಸಿದ್ದು. ಇಟ್ಟಿಗೆನ ಮಲಗಿಸದೇ ಪಕ್ಕಕ್ಕೆ ನಿಲ್ಲಿಸಿ ಕಟ್ಟೋದು, ಮಧ್ಯ ಟೊಳ್ಳು ಉಳಿಯತ್ತೆ, ಗೋಡೆ ದಪ್ಪ ಒಂಬತ್ತಿಂಚೇ, ಇಟ್ಟಿಗೆ ಮಾತ್ರ ಸುಮಾರು ಕಾಲು ಭಾಗ ಉಳಿತಾಯ, ಟೊಳ್ಳಲ್ಲಿ ಗಾಳಿ ಇರೋದ್ರಿಂದ ಇನ್ನೂ ತಂಪು. ಆದ್ರೆ ಇಟ್ಟಿಗೆ ಎಲ್ಲಾ ಒಂದೇ ಅಳತೆ ಇರ್ಬೇಕು, ವೈರ್ ಕಟ್ ಇಟ್ಟಿಗೆ (ಯಂತ್ರದಲ್ಲಿ ಒತ್ತಿ ತಂತಿಯಲ್ಲಿ ಕತ್ತರಿಸಿದ್ದು) ಆದ್ರೇನೇ ಚೆಂದ, ಮತ್ತೆ ಮೇಸ್ತ್ರಿ ಇದನ್ನ ಮುಂಚೆ ಕಟ್ಟಿರ್ಬೇಕು. ಕಟ್ಟಿಲ್ಲ ಅಂದ್ರೆ ಟೊಳ್ಳಿಗೆಲ್ಲಾ ಗಾರೆ ಸುರಿದು ಉಳಿತಾಯ ಅಲ್ಲೇ ಹೂತು ಹಾಕ್ತಾನೆ.

ನನ್ನ ಒಲವು ಕೇಳಿದ್ರೆ ಮಣ್ಣಿನ ಬ್ಲಾಕು. ಇದು ಹಳೇ ಮಣ್ಣುಗೋಡೆ ಅಲ್ಲ, ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟ್ ಬೆರೆಸಿ ಪ್ರೆಸ್ಸಲ್ಲಿ ಒತ್ತಿ ತೆಗೆಯೋದು, ಸುಡೋ ಕೆಲಸ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರುವಾದ ಅಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತೆ ಅವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು, ಇವತ್ತು ಬೆಂಗಳೂರಲ್ಲಿ ಎರಡು ಅಂತಸ್ತಿನ ಮಣ್ಣಿನ ಬ್ಲಾಕ್ ಮನೆ ಬೇಕಾದಷ್ಟಿವೆ. ಸಾಮಾನ್ಯವಾಗಿ 9x7.5x4 ಇಂಚು ಸೈಜು, ಏಳೂವರೆ ಇಂಚಿನ ಗೋಡೆ, ನೂರು ಚದರಡಿಗೆ 340 ಆಸುಪಾಸು. ಮುಖ ನುಣುಪು ಇರತ್ತೆ ಅಂತ ಹೊರಗಡೆ ಪ್ಲಾಸ್ಟರ್ ಇಲ್ದೇ ಬರೀ ಪಾಯಿಂಟಿಂಗ್ (ಸಂದಿಗೆ ಮಾತ್ರ ಗಾರೆ ತೀಡೋದು) ಮಾಡಿ ಬಿಡಬಹುದು, ದುಡ್ಡು ಉಳಿಯೋದು ಇಲ್ಲೇ, ಪ್ಲಾಸ್ಟರ್, ಪುಟ್ಟಿ, ಪೇಂಟು ಮೂರೂ ಒಟ್ಟಿಗೆ ಹೋಯ್ತು. ಸಂಪು ತೋಡಿದ ಮಣ್ಣೇ ಕೆಲವು ಸಲ ಸಾಕಾಗತ್ತೆ.

ಮಣ್ಣು ಆಗತ್ತಾ ಇಲ್ವಾ ನೋಡೋದು ಸುಲಭ. ಮೇಲಿನ ಒಂದಡಿ ಬಿಡಿ, ಅದರಲ್ಲಿ ಬೇರು ಗೊಬ್ಬರ ಇರತ್ತೆ. ಕೆಳಗಿನ ಮಣ್ಣನ್ನ ಒಂದು ಗಾಜಿನ ಬಾಟ್ಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ ಜೋರಾಗಿ ಕುಲುಕಿ ಅಲ್ಲಾಡಿಸದೇ ಇಡಿ. ಮರಳು ನಿಮಿಷದೊಳಗೆ ಕೆಳಗೆ ಕೂತ್ಕೊಳ್ಳತ್ತೆ, ಅದರ ಮೇಲೆ ನುಣ್ಣನೆ ಮಣ್ಣು, ಜಿಗುಟು ಜೇಡಿ ಮಾತ್ರ ಮಾರನೇ ದಿನಕ್ಕೆ ಮೇಲೆ ತೆಳ್ಳಗೆ ಪದರ ಕಟ್ಟತ್ತೆ. ಮರಳು ಅರ್ಧಕ್ಕಿಂತ ಜಾಸ್ತಿ ಇದ್ದು ಜಿಗುಟು ಕಮ್ಮಿ ಇದ್ರೆ ಒಳ್ಳೆ ಮಣ್ಣು. ಜಿಗುಟು ಜಾಸ್ತಿ ಇದ್ರೆ ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಅಥವಾ ಕ್ರಷರ್ ಪುಡಿ ಸೇರಿಸ್ಬೇಕು, ಎರೆ ಮಣ್ಣಾದ್ರೆ ಆ ಆಸೆ ಬಿಡಿ. ಒತ್ತಿದ ಮೇಲೆ ಮೂರ್ನಾಲ್ಕು ವಾರ ನೆರಳಲ್ಲಿ ಮುಚ್ಚಿಟ್ಟು ನೀರು ಚಿಮುಕಿಸ್ಬೇಕು, ಅವಸರ ಇರೋರಿಗೆ ಇದು ಆಗಲ್ಲ. ಇನ್ನೊಂದು, ಸಜ್ಜಾ ಇಲ್ದೇ ಮಳೆ ನೇರ ಹೊಡೆಯೋ ಗೋಡೆಗೆ ಬೇಡ, ಮಾಳಿಗೆ ಸ್ವಲ್ಪ ಹೊರಗೆ ಚಾಚಿ, ಪ್ಲಿಂತ್ ಒಂದೂವರೆ ಅಡಿನಾದ್ರೂ ಎತ್ತರ ಇಟ್ಕೊಳ್ಳಿ.

ಎಎಸಿ ಬ್ಲಾಕು ಅಂದ್ರೆ ಒಳಗೆಲ್ಲಾ ಗಾಳಿ ಗುಳ್ಳೆ ಇರೋ, ಬಿಳಿ ಬೂದು ಬಣ್ಣದ ಹಗುರ ಕಾಂಕ್ರೀಟ್ ಬ್ಲಾಕು. ಆರಿಂಚಿನ ಸಾಲಿಡ್ ಬ್ಲಾಕ್ ಒಂದು 22ರಿಂದ 25 ಕೆಜಿ ತೂಗಿದ್ರೆ, ಅದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಎಎಸಿ ಬ್ಲಾಕು ಒಣಗಿದ್ದಾಗ ಹನ್ನೊಂದು ಕೆಜಿ ಆಸುಪಾಸು. ಪಿಲ್ಲರ್ ಮನೆಗೆ, ಅದ್ರಲ್ಲೂ ಹಳೇ ಮನೆ ಮೇಲೆ ಇನ್ನೊಂದು ಫ್ಲೋರ್ ಎತ್ತೋರಿಗೆ ಇದು ಒಳ್ಳೇದು, ಶಾಖನೂ ತಡೆಯತ್ತೆ. ಆದ್ರೆ ಮೇಸ್ತ್ರಿಗೆ ಇದರ ಅಭ್ಯಾಸ ಇಲ್ಲ ಅಂದ್ರೆ ಹಾಕಿಸ್ಬೇಡಿ. ಸ್ಪಂಜಿನ ಹಾಗೆ ನೀರು ಹೀರತ್ತೆ, ಮಾಮೂಲಿ ಗಾರೆ ಮುಕ್ಕಾಲಿಂಚು ದಪ್ಪ ಹಾಕಿದ್ರೆ ಗಾರೆಯ ನೀರೆಲ್ಲಾ ಬ್ಲಾಕ್ ಕುಡಿದುಬಿಟ್ಟು ಗಾರೆ ಪುಡಿಯಾಗತ್ತೆ, ಅದಕ್ಕೆ ಚೀಲದಲ್ಲಿ ಬರೋ ಅಂಟುಗಾರೆನೇ ಎರಡು ಮೂರು ಮಿಲಿಮೀಟರ್ ಹಚ್ಬೇಕು. ಗೀಸರ್, ಅಡುಗೆಮನೆ ಕಬೋರ್ಡು, ಟಿವಿ ಇವಕ್ಕೆ ಮಾಮೂಲಿ ಮೊಳೆ ಸ್ಕ್ರೂ ನಿಲ್ಲಲ್ಲ, ಬೇರೆ ಆಂಕರ್ ತರ್ಬೇಕು. ಬಾತ್‌ರೂಮ್ ಗೋಡೆಗೆ ನಾನಂತೂ ಇದನ್ನ ಹಾಕ್ಸಲ್ಲ.

ಕರಾವಳಿಯವರಿಗೆ ಈ ತಲೆನೋವೇ ಇಲ್ಲ, ಕಾಲ ಕೆಳಗೇ ಮುರಕಲ್ಲು (ಜಂಬಿಟ್ಟಿಗೆ ಕಲ್ಲು, ಲ್ಯಾಟರೈಟ್) ಇದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಬೇರೆ ಕಡೆಯಿಂದ ಬ್ಲಾಕ್ ತರಿಸೋದು ದಂಡ. ನೆಲದಿಂದ ಕಡಿದಾಗ ಮೆತ್ತಗಿರೋ ಕಲ್ಲು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗ್ತಾ ಹೋಗತ್ತೆ, ಎರಡು ಶತಮಾನದ ಹಿಂದೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ಇದನ್ನ ನೋಡಿ ಬೆರಗಾಗಿ ಬರೆದಿಟ್ಟಿದ್ದ. ಕಲ್ಲಲ್ಲಿ ಬಿಳಿ ಜೇಡಿ ಗೂಡು ಜಾಸ್ತಿ ಇರೋದನ್ನ ಬೇಡ ಅನ್ನಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ, ಕಲ್ಲು ತೂತು ತೂತು, ಆದ್ರಿಂದ ಮಳೆ ಹೊಡೆಯೋ ಕಡೆಗಾದ್ರೂ ಹೊರಗೆ ಪ್ಲಾಸ್ಟರ್ ಬೇಕು, ಒಳಗಡೆ ಕಲ್ಲು ಕಾಣೋ ಹಾಗೆ ಬಿಟ್ರೂ ಪರವಾಗಿಲ್ಲ.

ಮೇಲೆ ಏನು ಹಾಕೋದು

ಮಾಮೂಲಿ ಆರ್‌ಸಿಸಿ ಮೋಲ್ಡು, ಅಂದ್ರೆ ಸ್ಲ್ಯಾಬು, ಐದಿಂಚು. ಇದನ್ನ ಬೇಡ ಅನ್ನೋಕೆ ದೊಡ್ಡ ಕಾರಣ ಇಲ್ಲ, ಮೇಲೆ ಕಟ್ಟಬಹುದು, ಟ್ಯಾಂಕ್ ಇಡಬಹುದು, ಬಟ್ಟೆ ಒಣಗಿಸಬಹುದು. ಕೆಡೋದು ಒಂದೇ ದಿನದಲ್ಲಿ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯೋಕೆ ಮುಂಚೆ ಮೇಲೆ ಹತ್ತಿ ನೋಡಿ, ಕಂಬಿ ಕೆಳಗೆ 20 ಮಿಲಿಮೀಟರ್ ಕವರ್ ಬ್ಲಾಕ್ (ಕಂಬಿನ ಶೀಟಿಂದ ಮೇಲೆ ಎತ್ತಿ ಹಿಡಿಯೋ ಸಣ್ಣ ಬಿಲ್ಲೆ) ಇದ್ಯಾ ಅಂತ. ಬಹಳ ಕಡೆ ಜಲ್ಲಿ ಚೂರು ಇಟ್ಟಿರ್ತಾರೆ, ನಾಲ್ಕು ಜನ ಬಾಂಡ್ಲಿ ಹೊತ್ತು ಓಡಾಡಿದ ತಕ್ಷಣ ಆ ಚೂರು ಜಾರತ್ತೆ, ಕಂಬಿ ಹೋಗಿ ಸೆಂಟ್ರಿಂಗ್ ಶೀಟಿಗೆ ಅಂಟ್ಕೊಳ್ಳತ್ತೆ, ಶೀಟು ಬಿಚ್ಚಿದಾಗ ಕೆಳಗಿಂದ ಕಂಬಿ ಗೆರೆ ಕಾಣತ್ತೆ. ಆಗ ಮೇಸ್ತ್ರಿ ಮೇಲೆ ಗಾರೆ ಬಳಿದು ಏನೂ ಆಗಲ್ಲ ಸಾರ್ ಅಂತಾನೆ, ಹತ್ತು ವರ್ಷಕ್ಕೆ ಆ ಕಂಬಿ ತುಕ್ಕು ಹಿಡಿದು ಉಬ್ಬಿ ಆ ಗಾರೆನ ಹಾಸಿಗೆ ಮೇಲೆ ಉದುರಿಸತ್ತೆ. ನೀರು ಹಾಕೋದು ಓಪಿಸಿ (ಮಾಮೂಲಿ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಕಮ್ಮಿ ಅಂದ್ರೂ 7 ದಿನ, ಪಿಪಿಸಿಗೆ (ಹಾರುಬೂದಿ ಬೆರೆಸಿದ ಸಿಮೆಂಟು) ಕಮ್ಮಿ ಅಂದ್ರೂ 10, ಸಾಧ್ಯ ಆದ್ರೆ 14 ದಿನ. ಈಗ ಅಂಗಡೀಲಿ ಸಿಗೋದು ಹೆಚ್ಚಾಗಿ ಪಿಪಿಸಿನೇ, ಚೀಲದ ಮೇಲೆ ಬರೆದಿರತ್ತೆ ನೋಡಿ.

ಫಿಲ್ಲರ್ ಸ್ಲ್ಯಾಬು ಇದರ ತಮ್ಮ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರೋಕೆ ಉಪಯೋಗಕ್ಕೆ ಬರಲ್ಲ, ಅಲ್ಲಿ ಎಳೆತ ತಡೆಯೋದು ಕಂಬಿ, ಆದ್ರಿಂದ ಕಂಬಿಗಳ ಮಧ್ಯ ಹಳೇ ಮಂಗಳೂರು ಹೆಂಚು ಜೋಡಿ ಜೋಡಿಯಾಗಿ ಇಟ್ಟು ಮೇಲೆ ಕಾಂಕ್ರೀಟ್ ಸುರೀತಾರೆ. ಕಾಂಕ್ರೀಟ್ ಉಳಿಯತ್ತೆ, ಸ್ಲ್ಯಾಬ್ ಹಗುರ ಆಗತ್ತೆ, ಮನೆ ಒಳಗಿಂದ ಹೆಂಚು ಕಾಣೋದು ಲಕ್ಷಣವಾಗೇ ಇರತ್ತೆ, ಸೀಲಿಂಗ್ ಪ್ಲಾಸ್ಟರೂ ಬೇಡ. ಹೆಂಚನ್ನ ಮುಂಚೆ ನೀರಲ್ಲಿ ನೆನೆಸಿರ್ಬೇಕು, ಗೋಡೆ ಮತ್ತೆ ಬೀಮಿನ ಅಂಚಿಗೆ ಹೆಂಚು ಬರ್ಬಾರ್ದು, ಫ್ಯಾನ್ ಬಾಕ್ಸ್ ಎಲ್ಲಿ ಅಂತ ಮೊದಲೇ ಗುರುತು ಹಾಕಿರ್ಬೇಕು. ಡ್ರಾಯಿಂಗ್ ಇಲ್ದೇ ಮಾಡೋ ಕೆಲಸ ಅಲ್ಲ.

ಬರೀ ಹೆಂಚಿನ ಮನೆ ಬೇಕು ಅನ್ನೋರು ಮಲೆನಾಡಲ್ಲಿ ಇನ್ನೂ ಇದ್ದಾರೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿಂದ ಬಂದ ಅದೇ ಹೆಂಚು, ಒಂದು ಚದರಕ್ಕೆ ಸುಮಾರು 150 ಬೇಕು. ಈಗ ಮರದ ಪಕ್ಕಾಸು ರೀಪು ದುಬಾರಿ, ಜಿಐ ಪೈಪಲ್ಲಿ (ಸತು ಲೇಪಿಸಿದ ಕಬ್ಬಿಣ) ಮಾಡಿಸೋದೇ ವಾಸಿ, ಗೆದ್ದಲಿನ ಭಯನೂ ಇಲ್ಲ. ಆದ್ರೆ ಮಂಗ ಇರೋ ಊರಾದ್ರೆ ಯೋಚನೆ ಮಾಡಿ. ಒಂದು ಹಿಂಡು ಬಂದು ಹೋದ್ರೆ ಹತ್ತು ಹೆಂಚು ಹೋಯ್ತು, ಅದನ್ನ ಬದಲಾಯಿಸೋಕೆ ಮೇಲೆ ಹತ್ತೋ ಜನ ಈಗ ಸಿಗಲ್ಲ. ಅದಕ್ಕೇ ಆ ಕಡೆ ಈಗ ಕೆಳಗೆ ಸ್ಲ್ಯಾಬ್ ಹಾಕಿ, ಮೇಲೆ ಪೈಪ್ ಟ್ರಸ್ಸು ನಿಲ್ಲಿಸಿ ಶೀಟೋ ಹೆಂಚೋ ಹೊದಿಸ್ತಾರೆ. ಮಳೆ ಸ್ಲ್ಯಾಬ್ ಮುಟ್ಟಲ್ಲ, ಬೇಸಿಗೆ ಬಿಸಿ ಕೆಳಗೆ ಬರಲ್ಲ, ಮಧ್ಯದ ಜಾಗದಲ್ಲಿ ಅಡಿಕೆ, ಸೌದೆ, ಬಟ್ಟೆ, ಮದುವೆ ದಿನ ಊಟದ ಪಂಕ್ತಿ ಎಲ್ಲಾ. ಖರ್ಚು ಎರಡು ಸಲ ಅನ್ನಿಸ್ಬಹುದು, ಆದ್ರೆ ಮಳೆ ನಾಡಲ್ಲಿ ವಾಟರ್‌ಪ್ರೂಫಿಂಗ್ ಕೆಮಿಕಲ್‌ಗೆ ನಾಲ್ಕು ವರ್ಷಕ್ಕೊಮ್ಮೆ ಸುರಿಯೋ ದುಡ್ಡು ನೋಡಿದ್ರೆ ನನಗೆ ಇದೇ ಸರಿ ಅನ್ಸತ್ತೆ.

ಪ್ಲಾಸ್ಟರು

ಇಲ್ಲಿ ಆಯ್ಕೆ ಎರಡೇ, ಸಿಮೆಂಟು ಅಥವಾ ಜಿಪ್ಸಮ್. ಹೊರಗೆ ಸಿಮೆಂಟೇ, ಪ್ರಶ್ನೆನೇ ಇಲ್ಲ. ಒಳಗೆ ಜಿಪ್ಸಮ್ ಹಾಕಿದ್ರೆ ನೀರು ಹಾಕೋ ಕೆಲಸ ಇಲ್ಲ, ನುಣುಪಾಗಿ ಬರತ್ತೆ, ಪುಟ್ಟಿ ಉಳಿಯತ್ತೆ, ಆದ್ರೆ ನೀರು ಕಂಡ್ರೆ ಆಗಲ್ಲ, ಬಾತ್‌ರೂಮ್, ಸಿಂಕ್ ಹಿಂದೆ, ತೇವ ಏರೋ ನೆಲಮಹಡಿ ಗೋಡೆ ಇಲ್ಲೆಲ್ಲಾ ಬೇಡ. ಚಿಕ್ಕ ಮನೆಗೆ ಎರಡೆರಡು ಥರದ ಗ್ಯಾಂಗ್ ಕರೆಸೋ ಬದಲು ಎಲ್ಲಾ ಸಿಮೆಂಟ್ ಮುಗಿಸೋದೇ ನೆಮ್ಮದಿ. ಪ್ಲಾಸ್ಟರಿಗೆ ಪಿ ಸ್ಯಾಂಡೇ (ಪ್ಲಾಸ್ಟರಿಗೆ ಅಂತಲೇ ಮಾಡಿದ ನುಣ್ಣನೆ ಎಂ ಸ್ಯಾಂಡ್) ತರಿಸಿ, ಎಂ ಸ್ಯಾಂಡ್ ಅಂತ ಹೇಳಿ ಕ್ರಷರ್ ಪುಡಿ ಇಳಿಸೋರು ಇದ್ದಾರೆ, ಅಂಗೈಯಲ್ಲಿ ಉಜ್ಜಿದ್ರೆ ಬೂದಿ ಥರ ಪುಡಿ ಅಂಟ್ಕೊಂಡ್ರೆ ಅದು ಪುಡಿನೇ. ಪಿಲ್ಲರ್ ಮತ್ತೆ ಬ್ಲಾಕ್ ಸೇರೋ ಗೆರೆ ಮೇಲೆ, ಪೈಪಿಗೆ ಕೊರೆದ ಕಾಲುವೆ ಮೇಲೆ ಚಿಕನ್ ಮೆಶ್ (ತಂತಿ ಬಲೆ) ಹೊಡೆಸಿ, ಬಿರುಕು ಬರೋದು ಅಲ್ಲೇ. ಎಲೆಕ್ಟ್ರಿಷಿಯನ್ ಕಟಿಂಗ್ ಎಲ್ಲಾ ಪ್ಲಾಸ್ಟರ್‌ಗೆ ಮುಂಚೆ ಮುಗೀಬೇಕು, ಆಮೇಲೆ ಇನ್ನೊಂದು ಪಾಯಿಂಟ್ ಬೇಕಿತ್ತು ಅಂದ್ರೆ ಹೊಸ ಪ್ಲಾಸ್ಟರ್ ಒಡೀಬೇಕಾಗತ್ತೆ. ಒಣಗಿದ ಮೇಲೆ ಒಂದು ನಾಣ್ಯದಲ್ಲಿ ಗೋಡೆ ತಟ್ಕೊಂಡು ಹೋಗಿ, ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ ಜಾಗಕ್ಕೆ ಚಾಕ್‌ಪೀಸಲ್ಲಿ ಗುರುತು ಹಾಕಿ, ಮೇಸ್ತ್ರಿಗೆ ಕೊನೇ ಕಂತು ಕೊಡೋಕೆ ಮುಂಚೆ.

ನೆಲ

ರೆಡ್ ಆಕ್ಸೈಡ್ ನೆಲ ಈಗ ಮತ್ತೆ ಫ್ಯಾಶನ್ನು. ಸಾಮಾನು ಅಗ್ಗ, ಸಿಮೆಂಟು ಮತ್ತೆ ಬಣ್ಣದ ಪುಡಿ, ಪುಡಿ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ಮೀರದ ಹಾಗೆ. ಆದ್ರೆ ಅದನ್ನ ಕರಣೆಯಲ್ಲಿ ತೀಡಿ ತೀಡಿ ಹೊಳಪು ತರೋ ಕೈ ಈಗ ಅಪರೂಪ, ಸಿಕ್ಕಿದ್ರೆ ಅವರ ಕೂಲಿ ಟೈಲ್ಸಿನಷ್ಟೇ ಆಗತ್ತೆ. ಅವರು ಮುಂಚೆ ಹಾಕಿದ ನೆಲ ಹೋಗಿ ನೋಡಿ, ಫೋಟೋ ನಂಬಬೇಡಿ. ದೊಡ್ಡ ಹಾಲ್ ಒಂದೇ ಹಾಸಲ್ಲಿ ಹಾಕಿದ್ರೆ ಬಿರುಕು ಬರತ್ತೆ, ನಾಲ್ಕಡಿಗೊಂದು ಗಾಜಿನ ಪಟ್ಟಿ ಅಥವಾ ಗೆರೆ ಬೇಕು, ಹಾಕಿದ ಮೇಲೆ ಒಂದು ವಾರ ನೀರು ನಿಲ್ಲಿಸ್ಬೇಕು, ಆ ವಾರ ಮನೆ ಒಳಗೆ ಬೇರೆ ಯಾವ ಕೆಲಸನೂ ಇಲ್ಲ. ವಿಟ್ರಿಫೈಡ್ ಟೈಲ್ಸಿಗೆ ಈ ರಗಳೆ ಯಾವ್ದೂ ಇಲ್ಲ, ಎರಡು ದಿನಕ್ಕೆ ಹಾಲ್ ಮುಗೀತು, ಒಡೆದ್ರೆ ಒಂದು ಬದಲಾಯಿಸಬಹುದು (ಒಂದೆರಡು ಬಾಕ್ಸ್ ಎತ್ತಿಟ್ಕೊಳ್ಳಿ, ಮುಂದೆ ಆ ಡಿಸೈನ್ ಸಿಗಲ್ಲ). ಹೊಳೆಯೋದು ಬೇಡ, ವಯಸ್ಸಾದೋರು ಇದ್ರಂತೂ ಮ್ಯಾಟ್ ಫಿನಿಶ್ಶೇ ತಗೊಳ್ಳಿ. ಹಾಕೋವಾಗ ಟೈಲ್ ನಾಲ್ಕು ಮೂಲೆಗೆ ಮಧ್ಯಕ್ಕೆ ಒಂದೊಂದು ಮುದ್ದೆ ಗಾರೆ ಇಟ್ಟು ಒತ್ತಿಬಿಡ್ತಾರೆ, ಕೆಳಗೆ ಪೂರ್ತಿ ಗಾರೆ ಇರ್ಬೇಕು, ಇಲ್ಲಾಂದ್ರೆ ಸಿಲಿಂಡರ್ ಎಳೆದ ದಿನ ಮೂಲೆ ಹಾರತ್ತೆ. ಕಲಬುರಗಿ ಸುತ್ತಮುತ್ತ ಇರೋರಿಗೆ ಶಹಾಬಾದ್ ಕಲ್ಲು ಮನೆ ಬಾಗಿಲಲ್ಲೇ ಸಿಗತ್ತೆ, ಬೇಸಿಗೆಗೆ ಅದಕ್ಕಿಂತ ತಂಪು ನೆಲ ಬೇಕಾಗಿಲ್ಲ, ಬೇರೆ ಕಡೆಯೋರು ಪಾರ್ಕಿಂಗಿಗೆ, ಹಿತ್ತಲಿಗೆ ಹಾಕ್ಸಿದ್ರೆ ಸಾಕು.

ಬಾತ್‌ರೂಮಿಗೆ ಯಾವ ಟೈಲ್ ಹಾಕಿದ್ರೂ ಅದಕ್ಕೆ ಮುಂಚೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ, ಕಿಂಡಿ ಮುಚ್ಚಿ ಎರಡು ಮೂರು ದಿನ ನೀರು ನಿಲ್ಲಿಸಿ. ಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಕೆಳಗಿನ ರೂಮಿನ ಸೀಲಿಂಗ್ ಅಥವಾ ಪಕ್ಕದ ಗೋಡೆ ತೇವ ಆಯ್ತಾ ನೋಡಿ, ಆಮೇಲೆ ಟೈಲ್ಸ್.

ಪೇಂಟಿಗೆ ಅವಸರ ಬೇಡ. ಹೊಸ ಪ್ಲಾಸ್ಟರು ಒಂದು ತಿಂಗಳಾದ್ರೂ ಒಣಗ್ಬೇಕು, ಒಳಗೆ ತೇವ ಇದ್ದಾಗ ಪ್ಲಾಸ್ಟಿಕ್ ಎಮಲ್ಷನ್ ಬಳಿದ್ರೆ ಆರು ತಿಂಗಳಿಗೆ ಗುಳ್ಳೆ ಎದ್ದು ಸಿಪ್ಪೆ ಬರತ್ತೆ. ಗೃಹಪ್ರವೇಶದ ಮುಹೂರ್ತ ಹತ್ರ ಇದೆ ಅಂದ್ರೆ ಹೊರಗಡೆ ಬರೀ ವೈಟ್ ಸಿಮೆಂಟ್ ಎರಡು ಕೋಟ್ ಹೊಡೆಸಿ ಒಂದು ಮಳೆಗಾಲ ಹಾಗೇ ಬಿಡಿ, ಎಲ್ಲಿ ನೀರು ಇಳೀತಾ ಇದೆ ಅಂತ ಆ ಬಿಳಿ ಗೋಡೆ ಮೇಲೆ ಚೆನ್ನಾಗಿ ಕಾಣತ್ತೆ, ಅದನ್ನ ರಿಪೇರಿ ಮಾಡಿಸಿದ ಮೇಲೆ ಬಣ್ಣ ಯಾವ್ದು ಅಂತ ಮನೆಯವರ ಜೊತೆ ಜಗಳ ಆಡಬಹುದು.